ಗೌರಿಗೊಂದು ಬಕೆಟ್ ಮಣ್ಣು

ಹುಣಸೆಹಣ್ಣಿನ ಮುಂದೆ

ಜಗಲಿಯ ಮೇಲೆ ಕಾಲು ಚಾಚಿಕೊಂಡು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದೆ. ಕೈಯೆಲ್ಲ ಅಂಟು. ಅಂಥ ಹೊತ್ತು ನೋಡಿಕೊಂಡೇ ಫೋನು ಬಡಿದುಕೊಳ್ಳುವುದು. ಮುಂಗೈಯಲ್ಲಿ ಒತ್ತಿ, ನೆಲದ ಮೇಲೆಯೇ ಇಟ್ಟುಕೊಂಡು ಮಾತಾಡಿದೆ. ಆ ಕಡೆ ಸರೋಜಕ್ಕ, ಪೋರ್ಚುಗಲ್ ದೇಶದಿಂದ.

"ಲೇ ಲಲ್ತಾ, ಗೌರಿ ಹಬ್ಬಕ್ಕೆ ಅಂತ ಅಣ್ಣ ಬ್ಯಾಂಕಿಗೆ ದುಡ್ಡು ಹಾಕೋದು ಸಾಕು ಕಣೇ. ಈ ಸಲ ತವರಿನ ಬಾಗಿನ ನೀನೇ ತಗಂಡು ಬಾ. ಟಿಕೆಟ್ ಗಿಕೆಟ್ ಎಲ್ಲ ಭಾವ ನೋಡ್ಕತ್ತಾರೆ."

ಆಗಲಿ ಅನ್ನುವಷ್ಟರಲ್ಲಿ ಇನ್ನೊಂದು ಮಾತು ಸೇರಿಸಿದಳು. "ಬರೋವಾಗ ನಮ್ಮೂರ ಕೆರೆ ಮಣ್ಣು ಒಂದ್ ಹಿಡಿ ತತ್ತೀಯಾ?"

ನನಗೆ ಅಲ್ಲಿಂದಲೇ ಅನುಮಾನ ಶುರುವಾಯಿತು. ಪರದೇಶದಲ್ಲಿರುವವರು ಉಪ್ಪಿನಕಾಯಿ ಕೇಳುತ್ತಾರೆ, ಹುರಿಹಿಟ್ಟು ಕೇಳುತ್ತಾರೆ. ಮಣ್ಣು ಕೇಳುವವರನ್ನು ನಾನು ಕಂಡಿರಲಿಲ್ಲ.

ಅಕ್ಕನ ವಿಚಾರ ಸ್ವಲ್ಪ ಹೇಳಬೇಕು. ನಮ್ಮ ತವರು ಹುಣಸೂರು ತಾಲ್ಲೂಕಿನ ಗುರುಪುರದ ಹತ್ತಿರ. ಅಕ್ಕ ಓದಿದ್ದು ಮಾತ್ರ ಕೋಟೆ ತಾಲ್ಲೂಕಿನ ಎನ್. ಬೇಗೂರಿನ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು. ಕೇರಳದ ಗಡಿ ಕೂಗಳತೆಯಲ್ಲಿತ್ತು. ಆ ಕಡೆಯ ಹುಡುಗಿಯರು ನರ್ಸ್ ಕೆಲಸ ಕಲಿಯಲು ಹೊರಟರೆ ಇವಳೂ ಅವರ ಜೊತೆ ಹೊರಟಳು. ವಯನಾಡಿನ ಬಾಲನ್ ಭಾವನನ್ನು ಮದುವೆಯಾಗಿ, ಇಂಗ್ಲೆಂಡಿನ ಆಸ್ಪತ್ರೆಯಲ್ಲಿ ತಲೆ ನರೆಯುವವರೆಗೂ ದುಡಿದು, ಇಬ್ಬರೂ ನಿವೃತ್ತರಾದ ಮೇಲೆ ಚಳಿ ತಡೆಯಲಾರೆವೆಂದು ಪೋರ್ಚುಗಲ್ಲಿನ ಆಲೆಂತೆಜು ಎಂಬ ಸೀಮೆಯ ಹಳ್ಳಿಗೆ ಬಂದು ಕೂತರು. ಅಲ್ಲಿ ಅಕ್ಕ ಮಡಕೆ ಮಾಡುವುದನ್ನು ಕಲಿಯುತ್ತಿದ್ದಾಳೆಂದು ಸುದ್ದಿ ಬಂದಾಗ ತವರಿನಲ್ಲಿ ಅಣ್ಣ ಊಟದ ತಟ್ಟೆ ಸರಿಸಿ ಎದ್ದಿದ್ದ.

"ಒಕ್ಕಲು ಮನೆ ಹೆಣ್ಮಗಳು ಮಡಕೆ ತಟ್ತಾ ಕುಂತವ್ಳೆ ಅಂದ್ರೆ ಏನರ್ಥ? ಯಾರೋ ಮಂಕುಬೂದಿ ಎರಚವ್ರೆ. ನೀನು ಹೋಗು. ಹೋದೋಳು ಬರಿಗೈಲಿ ಬರಬ್ಯಾಡ, ಅವಳ್ನ ಕರ್ಕಂಡೇ ಬಾ" ಎಂದು, ಅಕ್ಕ ನನ್ನನ್ನು ಕರೆದದ್ದು ತಿಳಿದಾಗ ಹೇಳಿದ. ನಾನೂ ಹೂಂ ಅಂದೆ. ಮನಸ್ಸಿನಲ್ಲಿ ನನಗೂ ಹಾಗೇ ಅನ್ನಿಸಿತ್ತು.

ವಿಮಾನ ಇಳಿದ ಜಾಗ

ಪೆಟ್ಟಿಯಲ್ಲಿ ಬಾಗಿನದ ಜೋಡಿ ಮೊರ, ಅರಿಶಿನ ಕುಂಕುಮ, ಬಳೆ, ಬಾಚಣಿಗೆ, ಕನ್ನಡಿ, ಕರಿಮಣಿ. ಅದರ ತಳದಲ್ಲಿ ಹಳೆ ಸೀರೆಯ ತುಂಡಿನಲ್ಲಿ ಕಟ್ಟಿದ ಕೆರೆ ಮಣ್ಣು. ಲಿಸ್ಬನ್‌ನಲ್ಲಿ ಇಳಿದು ಹೊರಗೆ ಬರುವಾಗ ಒಬ್ಬ ಅಧಿಕಾರಿ ನನ್ನ ಪೆಟ್ಟಿಯನ್ನೇ ಬದಿಗೆ ತೆಗೆಸಿದ. ಅಷ್ಟು ಜನರಲ್ಲಿ ನನ್ನದೇ ಯಾಕೆ? ಮೊರವನ್ನು ಮೇಲೆ ಕೆಳಗೆ ತಿರುಗಿಸಿ ನೋಡಿದ. ಬಳೆ ಅಲ್ಲಾಡಿಸಿದ. ಕುಂಕುಮ ಮೂಸಿ ಸೀನಿದ. ಕೊನೆಗೆ ಗಂಟು ಬಿಚ್ಚಿದ.

"ಮಣ್ಣು ಕಣಪ್ಪ" ಅಂದೆ, ಅವನಿಗೆ ಕನ್ನಡ ಬರುತ್ತದೆ ಎನ್ನುವ ಹಾಗೆ.

ಬೆರಳಲ್ಲಿ ಪುಡಿ ಮಾಡಿ ನೋಡಿ, ಗೋಡೆಯ ಮೇಲಿನ ಚಿತ್ರ ತೋರಿಸಿದ. ಗಿಡ, ಮಾಂಸ, ಮಣ್ಣು ಎಲ್ಲಕ್ಕೂ ಕೆಂಪು ಗೀಟು. ನಮ್ಮೂರ ಕೆರೆ ಅವನ ಕಸದ ಡಬ್ಬಿಗೆ ಬಿತ್ತು. ಹಿಡಿ ಮಣ್ಣಿಗೆ ಇಷ್ಟು ಹೆದರುವ ದೇಶ ನೆಟ್ಟಗಿರಲಾರದು ಅಂದುಕೊಂಡೆ. ಕುಂಕುಮ ಬಿಟ್ಟ, ಮೊರ ಬಿಟ್ಟ. ಅಷ್ಟರ ಮಟ್ಟಿಗೆ, ನನ್ನನ್ನು ಕೊಟ್ಟ ಪಿರಿಯಾಪಟ್ಟಣ ಸೀಮೆಯ ತಾಯಿ ಮಸಣೀಕಮ್ಮ ಕೈ ಹಿಡಿದಳು.

ಬಾಗಿಲಿಗೆ ತೂಗಿದ ಗಂಟು

ಅಕ್ಕನ ಹಳ್ಳಿ ನೋಡಲು ಲಕ್ಷಣವಾಗಿದೆ. ಮನೆಗಳಿಗೆಲ್ಲ ಬಿಳಿ ಸುಣ್ಣ, ಕೆಳಗೆ ನೀಲಿ ಪಟ್ಟೆ. ನಮ್ಮಲ್ಲಿ ಹಬ್ಬಕ್ಕೆ ಸುಣ್ಣ ಬಳಿದು ಕೆಮ್ಮಣ್ಣಿನ ಪಟ್ಟೆ ಎಳೆಯುತ್ತೇವಲ್ಲ, ಹಾಗೆ. ಆದರೆ ಮಟಮಟ ಮಧ್ಯಾಹ್ನ ಇಡೀ ಊರು ಬಾಗಿಲು ಕಿಟಕಿ ಜಡಿದುಕೊಂಡು ಕೂರುತ್ತದೆ. ಒಂದು ನಾಯಿಯೂ ಇಲ್ಲ.

"ಒಳಗಡೆ ಏನ್ ಮಾಡ್ತಾರಕ್ಕ ಇವ್ರು?"

"ಮಲಗ್ತಾರೆ ಕಣೇ. ನಿಮ್ಮನೆಯೋರು ಉಂಡ್ಮೇಲೆ ಮಲಗಲ್ವಾ?"

"ಮಲಗ್ತಾರೆ. ಬಾಗ್ಲು ತೆಗೆದಿಟ್ಟು ಮಲಗ್ತಾರೆ."

ಮೊದಲ ಬೆಳಿಗ್ಗೆ ರಂಗೋಲಿ ಬಿಡೋಣವೆಂದು ಅಕ್ಕಿಹಿಟ್ಟು ಹಿಡಿದು ಬಾಗಿಲು ತೆಗೆದರೆ, ಹಿಡಿಕೆಗೆ ಒಂದು ಬಟ್ಟೆ ಗಂಟು ತೂಗುತ್ತಿದೆ! ಬಾಗಿಲಿಗೆ ಗಂಟು ಕಟ್ಟುವುದು ಯಾತಕ್ಕೆಂದು ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಮಂಕುಬೂದಿಯ ಮೂಲ ಸಿಕ್ಕೇ ಬಿಟ್ಟಿತು ಅಂದುಕೊಂಡೆ. ಮಸಣೀಕಮ್ಮನನ್ನು ನೆನೆದು, ಕಸಪೊರಕೆಯ ಹಿಡಿಯಿಂದ ಗಂಟನ್ನು ಕೆಳಗೆ ಕೆಡವಿ, ಮುಟ್ಟದೆ ತಳ್ಳುತ್ತಾ ರಸ್ತೆಯಾಚೆಯ ಮೋರಿಯವರೆಗೆ ಒಯ್ದೆ. ಎದುರು ಮನೆಯ ಕಪ್ಪು ಬಟ್ಟೆಯ ಮುದುಕಿ ಕೆನ್ನೆಗೆ ಕೈಕೊಟ್ಟು ನೋಡುತ್ತಿದ್ದಳು.

ಅಕ್ಕ ಓಡಿ ಬಂದಳು. "ಅಯ್ಯೋ ಮಾರಾಯ್ತಿ, ಅದು ಬೆಳಗಿನ ಬ್ರೆಡ್ಡು! ಬೇಕರಿಯೋನು ನೇತಾಕಿ ಹೋಗ್ತಾನೆ!"

ತಲೆಯೆತ್ತಿ ನೋಡಿದೆ. ಬೀದಿಯುದ್ದಕ್ಕೂ ಪ್ರತಿ ಬಾಗಿಲಿಗೂ ಒಂದೊಂದು ಗಂಟು.

"ಊರಿಗೆಲ್ಲ ಒಟ್ಟಿಗೇ ಮಾಟ ಮಾಡಿಸೋಕೆ ಯಾರಿಗೆ ಪುರುಸೊತ್ತದೆ, ಹೇಳು" ಎಂದು ಅಕ್ಕ ಹೊಟ್ಟೆ ಹಿಡಿದು ನಕ್ಕಳು. ನಾನೂ ನಕ್ಕೆ. ಆದರೂ ಹೊರಗೆ ತೂಗುಬಿಟ್ಟ ಅನ್ನವನ್ನು ನಂಬಿ ತಿನ್ನುವುದು ಹೇಗೆ? ನಮ್ಮಲ್ಲಾದರೆ ಕೋತಿ ಬಿಡುತ್ತದೆಯೇ? ಮುಂದಿನ ದಿನಗಳಲ್ಲೂ ಬ್ರೆಡ್ಡನ್ನು ಮುರಿದು, ಒಳಗೆ ಇಣುಕಿ ನೋಡಿಯೇ ಬಾಯಿಗಿಟ್ಟೆ.

ಒಡಕಲು ಸಾಲು

ಹಿತ್ತಲಿನ ಕೊಟ್ಟಿಗೆಯಂಥ ಕೋಣೆಯಲ್ಲಿ ಅಕ್ಕನ ಮಡಕೆಗಳಿದ್ದವು. ಎಲ್ಲವೂ ಒಡಕಲು. ಒಂದಕ್ಕೆ ಕಂಠದಲ್ಲಿ ಬಿರುಕು, ಒಂದರ ತಳ ಸೀಳು. ಇನ್ನೊಂದು ಸಾಲು ಸುಟ್ಟಾಗ ಚೆನ್ನಾಗಿಯೇ ಇತ್ತಂತೆ, ಕೆಲವು ದಿನ ಕಳೆದ ಮೇಲೆ ಮೈಯಲ್ಲಿ ಬಿಳಿ ಚುಕ್ಕೆ ಎದ್ದು ಚಕ್ಕೆಚಕ್ಕೆಯಾಗಿ ಸಿಡಿಯಿತಂತೆ.

"ಹೊಳೆ ದಡದ ಮಣ್ಣು ತಂದೆ, ಬರೀ ಮರಳು. ಬಾವಿ ಪಕ್ಕದ್ದು ತಂದೆ, ಅದ್ರಲ್ಲಿ ಸುಣ್ಣ. ವಿನಿಗರ್ ಬಿಟ್ರೆ ನೊರೆ ಬತ್ತದೆ. ಅಂಥ ಮಣ್ಣು ಸುಟ್ರೂ ಒಂದಿನ ಸಿಡಿಯೋದೇ."

ಮೂಲೆಯಲ್ಲಿ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದ ಅಂಗಡಿ ಮಣ್ಣಿತ್ತು, ಬೆಣ್ಣೆಯ ಹಾಗೆ ನುಣ್ಣಗೆ. "ಇದ್ರಲ್ಲೇ ಮಾಡ್ಬೋದಲ್ಲ, ಯಾಕೀ ಪಾಡು?" ಎಂದೆ.

ಅಕ್ಕ ಕೂತುಕೊಂಡಳು. "ಮಡಕೆಗಾದ್ರೆ ಸರಿ. ಗೌರಿಗೆ? ಇಷ್ಟ್ ವರ್ಷ ಡ್ಯೂಟಿ ಮುಗ್ಸಿ ಬಂದು ಫೋಟೋಕ್ಕೆ ಕೈ ಮುಗ್ದು ಮಲಗ್ದೆ. ಇಂಗ್ಲೆಂಡಲ್ಲಿ ಬಾಡಿಗೆ ಮನೆ, ಬಾಡಿಗೆ ಬದುಕು. ಈಗ ಕುಂತ ಜಾಗದ ಮಣ್ಣಲ್ಲಿ ಗೌರಿ ಮಾಡಿ ಕೂರಿಸ್ಬೇಕು ಅಂತ ಆಸೆ. ಈ ಊರು ನಂಗೆ ಒಂದ್ ಹಿಡಿ ಮಣ್ಣು ಕೊಡ್ತದಾ ಇಲ್ವಾ ನೋಡೇ ಬುಡ್ತೀನಿ. ನಮ್ಮೂರ ಮಣ್ಣು ತಾ ಅಂದಿದ್ದು ಪಕ್ಕದಲ್ಲಿಟ್ಟು ನೋಡೋಕೆ."

"ಕೊಡ್ದಿದ್ರೆ?"

"ಕೊಡ್ದಿದ್ರೆ ನಿನ್ ಜೊತೆ ಬತ್ತೀನಿ. ಭಾವಂಗೂ ಹೇಳಿವ್ನಿ."

ಬಾಗಿಲಲ್ಲಿ ನಿಂತಿದ್ದ ಬಾಲನ್ ಭಾವ ಮಂಡಿ ಉಜ್ಜಿಕೊಳ್ಳುತ್ತಾ ತಲೆ ಆಡಿಸಿದರು. ನನಗೆ ಒಳಗೊಳಗೇ ಪೇಚಾಟ. ಮಣ್ಣು ಸಿಗದಿದ್ದರೆ ಅಣ್ಣನಿಗೆ ಕೊಟ್ಟ ಮಾತು ಉಳಿಯುತ್ತದೆ. ಹಾಗೆಂದು ಗೌರಿಗೆ ಮಣ್ಣು ಸಿಗದಿರಲಿ ಎಂದು ಬೇಡಿಕೊಳ್ಳಲು ನಾಲಗೆ ಏಳುತ್ತದೆಯೇ?

ಬತ್ತಿದ ಕಟ್ಟೆ

ಹಬ್ಬ ಹತ್ತಿರ ಬರುತ್ತಿತ್ತು. ದಿನವೂ ಬಿಸಿಲೇರುವ ಮೊದಲು ನಾನೂ ಅಕ್ಕನೂ ವಿನಿಗರ್ ಬಾಟಲಿ ಹಿಡಿದು ಊರ ಹೊರಗೆ ಅಲೆಯುತ್ತಿದ್ದೆವು. ಒಂದು ಬೆಳಿಗ್ಗೆ ತಗ್ಗಿನಲ್ಲಿ ದನ ಕುರಿ ನೀರು ಕುಡಿಯುವ ಕಟ್ಟೆಯೊಂದು ನನ್ನ ಕಣ್ಣಿಗೆ ಬಿತ್ತು. ನೀರು ಬತ್ತಿ, ತಳದ ಗೋಡು ಒಡೆದು ಹಲಗೆ ಹಲಗೆಯಾಗಿ, ಅಂಚು ಮೇಲಕ್ಕೆ ಸುರುಳಿ ಸುತ್ತಿಕೊಂಡು ಬಿದ್ದಿತ್ತು. ಬೇಸಿಗೆಯಲ್ಲಿ ನಮ್ಮ ಕೆರೆ ಅಂಗಳ ಇರುವುದೇ ಹೀಗೆ. ಒಂದು ಹೆಂಟೆ ಎತ್ತಿ ಅಕ್ಕನ ಬಾಟಲಿ ನೀರಿನಲ್ಲಿ ನೆನೆಸಿ, ಶ್ಯಾವಿಗೆಯ ಹಾಗೆ ಹೊಸೆದು ಬೆರಳಿಗೆ ಸುತ್ತಿದೆ. ಬಿರುಕು ಬಿಡಲಿಲ್ಲ. ಅಕ್ಕ ವಿನಿಗರ್ ಬಿಟ್ಟಳು. ನೊರೆ ಬರಲಿಲ್ಲ.

"ಲಲ್ತಾ!" ಎಂದು ನನ್ನ ತೋಳು ಹಿಡಿದುಕೊಂಡಳು.

ಅಷ್ಟರಲ್ಲಿ ಮರದ ಹಿಂದಿನಿಂದ ಒಬ್ಬ ಮುದುಕ ಬಂದ. ತಲೆಗೆ ಟೋಪಿ, ಕೈಯಲ್ಲಿ ದೊಣ್ಣೆ, ಮುಖದಲ್ಲಿ ನಗುವಿನ ಸುಳಿವಿಲ್ಲ. ಯಾವಾಗಿನಿಂದ ನಿಂತು ನೋಡುತ್ತಿದ್ದನೋ. ಅಕ್ಕ ಬಲ್ಲಷ್ಟು ಪೋರ್ಚುಗೀಸಿನಲ್ಲಿ ಮಾತಾಡಿಸಿದಳು. ಹೆಸರು ಅರ್ಮಿಂದೊ. ಕಟ್ಟೆ, ಅದರ ಸುತ್ತಲಿನ ಜಮೀನು ಎಲ್ಲ ಅವನದು.

"ಯಾವ ಕಂಪ್ನಿಯೋರು ನೀವು ಅಂತ ಕೇಳ್ತಾವ್ನೆ" ಎಂದಳು ಅಕ್ಕ. "ಗಣಿಗೆ ಅಂತ ನೆಲ ಬಗೆಯೋರು ಇಂಗೇ ಬಾಟ್ಲಿ ಇಟ್ಕಂಡು ಬತ್ತಾರಂತೆ, ಒಸಿ ಮಣ್ಣು ಒಯ್ತಾರಂತೆ, ಆಮೇಲೆ ಗುಡ್ಡನೇ ಒಯ್ತಾರಂತೆ."

ನನಗೆ ನಮ್ಮಜ್ಜಿ ನೆನಪಾದಳು. ಗುರುಪುರದ ಪಕ್ಕಕ್ಕೆ ಟಿಬೆಟಿನವರು ಹೊಸದಾಗಿ ಬಂದಾಗ, ಅವರು ನಮ್ಮ ಬಾವಿಯ ಹತ್ತಿರ ನಿಂತರೆ ಅಜ್ಜಿ ಕೆಲಸ ಬಿಟ್ಟು ಕಾವಲು ಕೂರುತ್ತಿದ್ದಳಂತೆ, ಏನು ಎತ್ತಿಕೊಂಡು ಹೋಗುತ್ತಾರೋ ಎಂದು. ಈ ಮುದುಕನ ಕಣ್ಣಲ್ಲಿ ಇದ್ದದ್ದು ಅಜ್ಜಿಯ ಕಣ್ಣೇ. ಈ ಸಲ ಬಾವಿಯ ಹತ್ತಿರ ನಿಂತವರು ನಾವು.

ದೇವರ ಗೊಂಬೆ ಮಾಡಲು, ಪೂಜೆಯಾದ ಮೇಲೆ ಈ ಮಣ್ಣನ್ನು ಮತ್ತೆ ನೀರಿಗೇ ಬಿಡುತ್ತೇವೆ ಎಂದು ಅಕ್ಕ ವಿವರಿಸಿದಳು. ಅವನು ನಂಬಿದ ಹಾಗೆ ಕಾಣಲಿಲ್ಲ. ಕೊನೆಗೆ, ನಾಳೆ ಬನ್ನಿ, ಒಂದು ಬಕೆಟ್ ಮಾತ್ರ, ಬಕೆಟ್ಟು ನನ್ನದು, ತುಂಬುವಾಗ ನಾನೂ ಇರುತ್ತೇನೆ ಅಂದನಂತೆ.

"ಅವನ ಬಕೆಟ್ಟೇ ಯಾಕಂತೆ? ಅಳತೆ ಮಾಡಿ ಕೊಟ್ಟು ಆಮೇಲೆ ಏನ್ ಕೇಳ್ತಾನೋ" ಎಂದೆ ನಾನು.

ಮಾರನೆಯ ದಿನ ನಾನು ಮಡಿಯುಟ್ಟು ಹೋದೆ. ಭೂಮಿತಾಯಿಯನ್ನು ಕೇಳದೆ ಮಣ್ಣು ಎತ್ತುವ ರೂಢಿ ನಮ್ಮಲ್ಲಿಲ್ಲ. ಅರಿಶಿನ ಕುಂಕುಮ ಇಟ್ಟೆ. ದಾರಿಯಲ್ಲಿ ಕಣಗಿಲೆ ಹೂವು ಸಿಕ್ಕಿದ್ದವು, ಪುಣ್ಯ. ಅಂಗಡಿಯ ತೆಂಗಿನಕಾಯಿಗೆ ಜುಟ್ಟೇ ಇರಲಿಲ್ಲ, ಬೋಳಿಸಿಟ್ಟಿದ್ದರು. ತಾಯಿ ಕ್ಷಮಿಸಲಿ ಎಂದು ಅದನ್ನೇ ಒಡೆದೆ. ಅಕ್ಕ ಮುದುಕನ ಜೊತೆ ಮಾತಾಡುತ್ತಾ ಆ ಬದಿಗಿದ್ದಳು. ನಾನು ಸೆರಗಿನ ಗಂಟಿನಿಂದ ಕರ್ಪೂರ ತೆಗೆದು, ಕಲ್ಲಿನ ಮೇಲಿಟ್ಟು ಕಡ್ಡಿ ಗೀರಿದೆ.

ಒಂದು ಕೂಗು ಕೇಳಿತು. ಆ ವಯಸ್ಸಿನಲ್ಲಿ ಅಷ್ಟು ಜೋರಾಗಿ ಓಡುವವರನ್ನು ನಾನು ನೋಡಿಲ್ಲ. ಬಂದವನೇ ಉರಿಯುವ ಕರ್ಪೂರವನ್ನು ಬೂಟುಗಾಲಲ್ಲಿ ತುಳಿದ. ಮತ್ತೆ ಮತ್ತೆ ತುಳಿದ. ಕಾಯಿ ಹೋಳು ಹಾರಿ ಬಿತ್ತು. ಟೋಪಿ ತೆಗೆದು ಪಕ್ಕದ ಒಣಹುಲ್ಲನ್ನು ಬಡಿದ. ಬೂಟಿಗೆಲ್ಲ ಅರಿಶಿನ ಕುಂಕುಮ ಮೆತ್ತಿತು. ಬಾಯಿ ನಿಲ್ಲಲೇ ಇಲ್ಲ. ಕೊನೆಗೆ ತಾನೇ ಬಕೆಟ್ಟಿಗೆ ಹೆಂಟೆಗಳನ್ನು ಎತ್ತಿ ಹಾಕಿ, ನಮ್ಮ ಮುಂದೆ ಕುಕ್ಕಿ, ದಾರಿ ತೋರಿಸಿದ.

"ಮಂಗಳಾರತಿ ತುಳಿದ್ನಲ್ಲೇ ಅಕ್ಕ!" ನಾನು ಬಕೆಟ್ಟಿನಿಂದ ದೂರ ಸರಿದೆ. "ಆ ಮಣ್ಣು ಒಳಗೆ ತರಬ್ಯಾಡ. ನಡಿ, ಊರಿಗೆ ಹೋಗನ."

ಅಕ್ಕ ಮಣ್ಣು ಹೊತ್ತು ಮುಂದೆ ನಡೆದಳು. ಬಕೆಟ್ಟನ್ನು ಹಿತ್ತಲಲ್ಲಿಟ್ಟಳು. ಸಂಜೆ ನಾನು ಪೆಟ್ಟಿ ಎಳೆದುಕೊಂಡಾಗ ಬಾಲನ್ ಭಾವ ತಮ್ಮ ಮಲಯಾಳ ಬೆರೆತ ಕನ್ನಡದಲ್ಲಿ ಹೇಳಿದರು: "ಲಲಿತೇ, ನಾಳೆ ಕಟ್ಟೆಯ ಆಚೆ ಗುಡ್ಡ ಒಂದು ಸಲ ನೋಡಿ ಬಾ. ಆಮೇಲೆ ಪೆಟ್ಟಿ ಕಟ್ಟು."

ಕರಿ ಗುಡ್ಡ

ಬಾಟಲಿಗೆ ಹಾಕುವ ಬಿರಡೆ ಇರುತ್ತದಲ್ಲ, ಅದನ್ನು ಮಾಡುವುದು ಒಂದು ಮರದ ತೊಗಟೆಯಿಂದಂತೆ. ಆ ಸೀಮೆಯ ತುಂಬ ಅದೇ ಮರ. ವರ್ಷಗಟ್ಟಲೆ ಕಾದು ಒಮ್ಮೆ ತೊಗಟೆ ಸುಲಿಯುತ್ತಾರೆ. ಸುಲಿದ ಕಾಂಡ ಕೆಂಪಗೆ ಹಸಿಗಾಯದಂತೆ ಕಾಣುತ್ತದೆ. ಕಟ್ಟೆ ದಾಟಿ ದಿಬ್ಬ ಹತ್ತಿ ಆಚೆಗೆ ತಿರುಗಿದರೆ ಕೆಂಪೂ ಇಲ್ಲ, ಹಸಿರೂ ಇಲ್ಲ. ಗುಡ್ಡದ ತುಂಬ ಕರಿ ಬೊಡ್ಡೆಗಳು.

"ಇವೆಲ್ಲ ಅರ್ಮಿಂದೊಂದು" ಎಂದಳು ಅಕ್ಕ. "ಅವ್ರ ತಾತ ನೆಟ್ಟಿದ್ವಂತೆ. ಯಾರೋ ಹುಲ್ಲು ಕತ್ತರಿಸೋ ಮಿಷಿನ್ನು ಕಲ್ಲಿಗೆ ತಗಲಿ ಒಂದ್ ಕಿಡಿ ಹಾರ್ತಂತೆ. ಅಷ್ಟೇ. ಬೇಸಿಗೇಲಿ ಇಲ್ಲಿ ಹೊಲದಲ್ಲಿ ಕಡ್ಡಿ ಗೀರೋದೇ ಅಪರಾಧ ಕಣೇ. ನಾನ್ ಮೊದ್ಲೇ ಹೇಳ್ಬೇಕಿತ್ತು. ನೀನು ಸೆರಗಲ್ಲಿ ಕರ್ಪೂರ ಇಟ್ಕಂಡು ಬಂದಿದ್ದೀಯ ಅಂತ ನಂಗೇನ್ ಗೊತ್ತು?"

ನಾನು ಒಂದು ಬೊಡ್ಡೆ ಮುಟ್ಟಿದೆ. ಕೈಗೆ ಮಸಿ ಬಂತು.

ಪಿರಿಯಾಪಟ್ಟಣದ ಕಡೆಯವರಿಗೆ ನಾನು ಹೆಚ್ಚು ಹೇಳಬೇಕಿಲ್ಲ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಕಷ್ಟ ಎಲ್ಲರಿಗೂ ಗೊತ್ತು. ಒಂದು ಸಲ ನಮ್ಮ ಬ್ಯಾರನ್ನಿನಲ್ಲಿ ಒಣಗಿದ ಎಲೆಯೊಂದು ಕಾದ ಕೊಳವೆಯ ಮೇಲೆ ಉದುರಿ ಹೊತ್ತಿಕೊಂಡಿತು. ಅದೇ ಬೆಳಿಗ್ಗೆ ಒಲೆಬಾಯಿಗೆ ಅರಿಶಿನ ಕುಂಕುಮವಿಟ್ಟು, ಹೂವು ಮುಡಿಸಿ, ಕಾಯಿ ಒಡೆದು ಉರಿ ಹಾಕಿದ್ದೆವು. ನಮ್ಮ ಮನೆಯವರು ನುಗ್ಗಿ ಬರಿಗಾಲಲ್ಲಿ ತುಳಿದರು, ಬೆಂಕಿಯನ್ನೂ, ಅದರ ಜೊತೆ ಹೂವನ್ನೂ, ಅರಿಶಿನವನ್ನೂ. ಅಂದು ನಾವು ಯಾರೂ ಪೂಜೆ ಕೆಟ್ಟಿತು ಅನ್ನಲಿಲ್ಲ. ಬ್ಯಾರನ್ನು ಉಳಿಯಿತು, ದೇವರು ದೊಡ್ಡವನು ಅಂದೆವು.

"ಮನೆಗೆ ನಡಿ ಅಕ್ಕ. ಮಣ್ಣು ನೆನೆಹಾಕನ" ಎಂದೆ.

ಗೌರಿ

ಆ ಮಣ್ಣು ಕೈಗೆ ಒಗ್ಗಿದ ರೀತಿ ಹೇಳಬೇಕು. ನಮ್ಮ ಕೆರೆ ಮಣ್ಣಿಗಿಂತ ಕೆಂಪು, ವಾಸನೆ ಬೇರೆ, ಆದರೆ ಹೇಳಿದ ಮಾತು ಕೇಳುತ್ತಿತ್ತು. ಅಕ್ಕ ಮೈ ಮಾಡಿದಳು, ನಾನು ಮೂಗು ತಿದ್ದಿದೆ. ಕಣ್ಣಿಗೆ ಬಾಗಿನದ ಕರಿಮಣಿ ಇಟ್ಟೆವು. ಒಣಗಿದರೂ ಬಿರುಕು ಬರಲಿಲ್ಲ. ಹಬ್ಬದ ಬೆಳಿಗ್ಗೆ ಗೌರಿಯನ್ನು ಮನೆಯ ಮುಂದಿನ ಕಲ್ಲು ಹಾಸಿನ ಅಂಗಳದಲ್ಲಿ ಕೂರಿಸಿದೆವು.

ಆರತಿ ತಟ್ಟೆ ಸಿದ್ಧ ಮಾಡುತ್ತಿದ್ದೆ. ಅರ್ಮಿಂದೊ ಬಂದ. ಕೈಯಲ್ಲಿ ಇನ್ನೊಂದು ಬಕೆಟ್ಟು, ತುಂಬ ನೀರು.

"ಕೊಟ್ಟ ಮಣ್ಣಿನ ಲೆಕ್ಕ ಕೇಳೋಕೆ ಬಂದ" ಎಂದು ಅಕ್ಕನ ಕಿವಿಯಲ್ಲಿ ಹೇಳಿದೆ.

ಅವನು ಏನನ್ನೂ ಕೇಳಲಿಲ್ಲ. ಬಕೆಟ್ಟನ್ನು ಆರತಿ ತಟ್ಟೆಯ ಪಕ್ಕಕ್ಕೇ ಇಟ್ಟು, ಟೋಪಿ ತೆಗೆದು ಕಂಕುಳಲ್ಲಿ ಇರುಕಿಕೊಂಡು ನಿಂತ. ಶುರು ಮಾಡಿ ಎನ್ನುವಂತೆ ನನಗೆ ಕೈ ಮಾಡಿದ. ಕರ್ಪೂರ ಹಚ್ಚಿದೆ. ಅವನು ಗೌರಿಯ ಕಡೆ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ, ಉರಿಯನ್ನೇ ನೋಡುತ್ತಿದ್ದ. ಅದು ಆರಿದ ಮೇಲೆ ಬೆರಳು ಅದ್ದಿ ತಟ್ಟೆಗೆ ನೀರು ಚಿಮುಕಿಸಿ, ಇನ್ನೊಮ್ಮೆ ಮುಟ್ಟಿ ನೋಡಿ, ಟೋಪಿ ಹಾಕಿಕೊಂಡ. ದೇವರ ಮುಂದೆ ಅಷ್ಟು ಎಚ್ಚರವಾಗಿ ನಿಂತವರನ್ನು ನಾನು ನಮ್ಮ ಗುಡಿಯಲ್ಲೂ ಕಂಡಿಲ್ಲ. ಹಾಗೆಂದು ನನ್ನ ಅನುಮಾನ ಪೂರ್ತಿ ಹೋಗಲಿಲ್ಲ. ನೀರಿನ ಬಕೆಟ್ಟು ಬಿಟ್ಟು ಹೋದನಲ್ಲ, ಯಾಕೆ?

ನಾನು ಅಕ್ಕನಿಗೆ ತವರಿನ ಬಾಗಿನ ಕೊಟ್ಟೆ. ಅವಳು ಮೊರದ ಮೇಲೆ ಸೆರಗು ಮುಚ್ಚಿ ಹಿಡಿದುಕೊಂಡಳು.

ಗೌರಿಯನ್ನು ಕಳುಹಿಸಿಕೊಡುವ ದಿನ ಪೀಕಲಾಟ. ಹೊಳೆಯಲ್ಲಿ ನೀರಿಲ್ಲ. ಕಟ್ಟೆ ಬತ್ತಿದೆ. ನಾವು ಹೀಗೆ ತಲೆಗೆ ಕೈಕೊಟ್ಟು ಕೂತಿದ್ದಾಗ ಅರ್ಮಿಂದೊ ಬಕೆಟ್ಟು ಒಯ್ಯಲು ಬಂದ. ಅಕ್ಕ ಸಂಗತಿ ಹೇಳಿದಳು.

"ಮಣ್ಣು ನಿಜವಾಗ್ಲೂ ವಾಪಸ್ ಕೊಡ್ತೀರಾ ಅಂತ ಕೇಳ್ತಾವ್ನೆ."

"ಗೌರಿ ಬರೋದೇ ಹೋಗೋಕೆ ಅಂತ ಹೇಳು."

ಅವನು ಬೆಂಕಿಗೆಂದು ತಂದಿಟ್ಟಿದ್ದ ಆ ನೀರಿನ ಬಕೆಟ್ಟನ್ನು ಗೌರಿಯ ಮುಂದಕ್ಕೆ ಸರಿಸಿದ.

ಗಂಗೆ ಯಾವ ರೂಪದಲ್ಲಿ ಬರುತ್ತಾಳೋ ಯಾರು ಬಲ್ಲರು? ಹಾಡು ಹೇಳಿ ಗೌರಿಯನ್ನು ಅದರಲ್ಲೇ ಬಿಟ್ಟೆವು. ಮೂಗು ಕರಗಿತು, ಮೈ ಕರಗಿತು, ಕರಿಮಣಿ ತಳ ಸೇರಿತು. ಅವನೇ ಬಕೆಟ್ಟು ಹೊತ್ತು, ಒಂದು ಹನಿ ತುಳುಕಿಸದೆ ಕಟ್ಟೆಯವರೆಗೆ ನಡೆದ. ನಾವು ಹಿಂದೆ. ತಾನು ಕರ್ಪೂರ ತುಳಿದ ಜಾಗ ಹುಡುಕಿ, ಅಲ್ಲಿಯೇ ಮೆಲ್ಲಗೆ ಸುರಿದ. ಬಿರಿದ ನೆಲ ಗಟಗಟ ಕುಡಿಯಿತು. ಆಮೇಲೆ ಅಕ್ಕನಿಗೆ ಏನೋ ಗೊಣಗಿದ. ಅಕ್ಕ ಸೆರಗಲ್ಲಿ ಕಣ್ಣೊರೆಸಿಕೊಂಡಳು.

"ಏನಂತೆ? ಏನ್ ಕೇಳ್ದ?"

"ಮಳೆ ಬಂದ್ಮೇಲೆ ಮಣ್ಣು ಮೆತ್ತಗಿರ್ತದೆ, ಮಡಕೆಗೆ ಆಗ ಬನ್ನಿ ಅಂದ. ಬಕೆಟ್ಟು ನೀವೇ ತನ್ನಿ, ಎಷ್ಟಾದ್ರೂ ತನ್ನಿ ಅಂದ."

ಅಣ್ಣನಿಗೆ ಏನು ಹೇಳುವುದೆಂದು ನಾನು ಅಲ್ಲಿಯೇ ಯೋಚಿಸತೊಡಗಿದೆ.

ಮತ್ತೆ ಮನೆ

ಮೊದಲ ಬಕೆಟ್ಟಿನಲ್ಲಿ ಉಳಿದಿದ್ದ ಮಣ್ಣಿನಲ್ಲಿ ಅಕ್ಕ ಒಂದು ಪುಟ್ಟ ಮಡಕೆ ಮಾಡಿ ಕರೆಂಟಿನ ಗೂಡಿನಲ್ಲಿ ಸುಟ್ಟಳು. ಹೊಗೆಯಿಲ್ಲದ ಆವಿಗೆಯನ್ನು ನಾನು ಮೊದಲು ನೋಡಿದ್ದು. ಹೊರಡುವ ದಿನದವರೆಗೂ ದಿನಾ ತಿರುಗಿಸಿ ನೋಡಿದೆ. ಬಿಳಿ ಚುಕ್ಕೆ ಏಳಲಿಲ್ಲ. ಬರುವಾಗ ವಿಮಾನ ನಿಲ್ದಾಣದಲ್ಲಿ ಅದನ್ನು ಬೆರಳಲ್ಲಿ ತಟ್ಟಿ ನೋಡಿ ಬಿಟ್ಟುಕೊಟ್ಟರು. ಹೋಗುವಾಗ ಹಿಡಿ ಮಣ್ಣು ಕಿತ್ತುಕೊಂಡವರು, ಬೆಂಕಿಗೆ ಹೋಗಿ ಬಂದದ್ದಕ್ಕೆ ಚಕಾರ ಎತ್ತಲಿಲ್ಲ.

ನಮ್ಮ ಹಾರನಹಳ್ಳಿಯಲ್ಲಿ ಬಸ್ಸಿಳಿದು ಮನೆ ಸೇರಿದ ಮಾರನೆಯ ದಿನವೇ ಅಣ್ಣ ಬಂದ. ನನ್ನ ಹಿಂದೆ ಮುಂದೆ ನೋಡಿದ.

"ಎಲ್ಲವ್ವಾ ಸರೋಜಿ?"

"ಅಲ್ಲೇ ಮಣ್ಣು ಸಿಕ್ತು ಕಣಣ್ಣ."

ಅವನು ಮಡಕೆ ಎತ್ತಿಕೊಂಡು, ಬೆಳಕಿಗೆ ಹಿಡಿದು, ಉಗುರಿನಿಂದ ತಟ್ಟಿ ಕಿವಿಗೊಟ್ಟ. ಟಣ್ ಎಂದಿತು. "ಸೋರಲ್ವಾ?" ಎಂದ.

"ನೋಡ್ಬೇಕು" ಎಂದೆ.

ಅವನ ಕಣ್ಣೆದುರಿಗೇ ಮಡಕೆ ಪಳಗಲೆಂದು ಅಕ್ಕಿ ತೊಳೆದ ನೀರು ತುಂಬಿ, ಕೆಳಗೆ ಹಳೆ ಪೇಪರ್ ಹಾಕಿಟ್ಟೆ. ಕಾಫಿ ಕುಡಿಯುವವರೆಗೂ ಇಬ್ಬರೂ ಅದನ್ನೇ ನೋಡುತ್ತಾ ಕೂತೆವು. ಅವನು ಹೋದ ಮೇಲೆ ಮಡಕೆ ಎತ್ತಿ ಪೇಪರ್ ಮುಟ್ಟಿದೆ. ಒಣಗಿತ್ತು. ಆದರೂ ಬೆಳಿಗ್ಗೆ ಇನ್ನೊಮ್ಮೆ ನೋಡಿದರಾಯಿತು ಅಂದುಕೊಂಡು, ರಾತ್ರಿಯ ಹುರುಳಿ ಸಾರಿಗೆ ಹುಣಸೆಹಣ್ಣು ನೆನೆಹಾಕಲು ಒಳಗೆ ಹೋದೆ.